ಅಳತೆ ಕಣ್ಣಿಗೆ ಕಾಣದ ಸರಕು: ಗೇಮ್ ಕನ್ಸೋಲಿನ ಮೆಮರಿ ಕಾರ್ಡ್ ಖರೀದಿಯಲ್ಲಿ ವಹಿಸಬೇಕಾದ ಎಚ್ಚರ

ವರ್ತಕನು ಕೊಳ್ಳುವ ಬಹುತೇಕ ಸರಕುಗಳ ಅಳತೆಯನ್ನು ಆತನು ತನ್ನ ಅಂಗಡಿಯಲ್ಲಿಯೇ ಪರೀಕ್ಷಿಸಬಲ್ಲನು. ಅಕ್ಕಿಯ ಮೂಟೆಯನ್ನು ತಕ್ಕಡಿಗೆ ಏರಿಸುವುದು, ಬಟ್ಟೆಯ ಥಾನನ್ನು ಮೀಟರ್ ಕಡ್ಡಿಯಿಂದ ಅಳೆಯುವುದು, ಎಣ್ಣೆಯ ಡಬ್ಬವನ್ನು ತೂಗಿ ಬೀಜಕದೊಡನೆ ತಾಳೆ ನೋಡುವುದು ನಮ್ಮ ಪೇಟೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಆದರೆ ಉಗುರಿನಷ್ಟು ಅಗಲದ ಮೆಮರಿ ಕಾರ್ಡಿನ ವಿಷಯದಲ್ಲಿ ಈ ಪದ್ಧತಿ ನಡೆಯದು. 32 ಜಿಬಿ ಕಾರ್ಡಿಗೂ 512 ಜಿಬಿ ಕಾರ್ಡಿಗೂ ಗಾತ್ರದಲ್ಲಾಗಲೀ ತೂಕದಲ್ಲಾಗಲೀ ಕಣ್ಣಿಗೆ ತೋರುವ ವ್ಯತ್ಯಾಸವಿಲ್ಲ. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರವಿದೆ. ಈ ಅಂತರಕ್ಕೆಲ್ಲ ಮೇಲ್ನೋಟದ ಆಧಾರವೆಂದರೆ ಕಾರ್ಡಿನ ಮೇಲೆ ಮುದ್ರಿತವಾದ ಒಂದು ಸಂಖ್ಯೆ.

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲುಗಳಿಗೆ ಅಧಿಕ ಸಾಮರ್ಥ್ಯದ ಕಾರ್ಡುಗಳ ಬೇಡಿಕೆ ಹೆಚ್ಚಿದೆ. ಮೊದಲು ಆಟಗಳು ಪ್ರತ್ಯೇಕ ಕಾರ್ಟ್ರಿಜ್ ಅಥವಾ ಡಿಸ್ಕ್ ರೂಪದಲ್ಲಿ ಬರುತ್ತಿದ್ದವು. ಈಗ ಅವುಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಕನ್ಸೋಲಿನಲ್ಲಿಯೇ ಶೇಖರಿಸುವುದು ರೂಢಿಯಾಗಿದೆ. ನಿಂಟೆಂಡೊ ಕಂಪನಿಯು 2017ರ ಮಾರ್ಚ್ 3ರಂದು ಬಿಡುಗಡೆ ಮಾಡಿದ ಸ್ವಿಚ್ ಕನ್ಸೋಲಿನಲ್ಲಿದ್ದ ಒಳಸಂಗ್ರಹ 32 ಜಿಬಿ ಮಾತ್ರ; ಅದರಲ್ಲಿಯೂ ಒಂದು ಭಾಗ ಯಂತ್ರದ ಸ್ವಂತ ತಂತ್ರಾಂಶಕ್ಕೆ ಮೀಸಲು. ಅದೇ ದಿನ ಬಿಡುಗಡೆಯಾದ ಜೆಲ್ಡಾ ಸರಣಿಯ ಒಂದೇ ಆಟಕ್ಕೆ ಸುಮಾರು 13 ಜಿಬಿ ಸ್ಥಳ ಬೇಕಾಗುತ್ತಿತ್ತು. ಆದ್ದರಿಂದ ಕನ್ಸೋಲ್ ಕೊಂಡವನು ಕಾರ್ಡಿಗಾಗಿ ಮತ್ತೆ ಅಂಗಡಿಗೆ ಬರುವುದು ಬಹುಮಟ್ಟಿಗೆ ನಿಶ್ಚಿತ. ಮೊಬೈಲ್ ಹಾಗೂ ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರದಲ್ಲಿರುವ ನಮ್ಮ ಸದಸ್ಯರು ಈ ಸರಕನ್ನು ಕೊಳ್ಳುವಾಗ ಯಾವ ಅಂಶಗಳನ್ನು ಪರಿಶೀಲಿಸಬೇಕು, ಪರಿಶೀಲಿಸದಿದ್ದರೆ ನಷ್ಟವು ಯಾರ ತಲೆಗೆ ಎಷ್ಟು ಬರುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಮನೆಯ ಮಕ್ಕಳಿಗಾಗಿ ಒಂದೇ ಕಾರ್ಡು ಕೊಳ್ಳುವವರಿಗೂ ಇದು ಉಪಯುಕ್ತವಾಗಬಹುದು.

1. ಕಾರ್ಡಿಗಿಂತ ಮೊದಲು ಸ್ಲಾಟನ್ನು ನೋಡಿರಿ

ಕಾರ್ಡಿನ ಬೆಲೆಯನ್ನು ಅದರ ಸಾಮರ್ಥ್ಯವೊಂದೇ ನಿರ್ಧರಿಸುತ್ತದೆ ಎಂದು ಭಾವಿಸುವುದು ಸರಿಯಲ್ಲ. ಕನ್ಸೋಲಿನ ಸ್ಲಾಟು ಯಾವ ಮಾದರಿಯ ಕಾರ್ಡನ್ನು ಸ್ವೀಕರಿಸುತ್ತದೆ, ಆ ಮಾದರಿಯನ್ನು ಎಷ್ಟು ಮಂದಿ ತಯಾರಿಸುತ್ತಾರೆ ಎಂಬುದರ ಮೇಲೆಯೂ ಬೆಲೆ ನಿಂತಿದೆ.

ಸೋನಿ ಕಂಪನಿಯ ಉದಾಹರಣೆಯನ್ನು ನೋಡೋಣ. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪಿಎಸ್‌ಪಿ ಕನ್ಸೋಲಿಗೆ ಸೋನಿಯ ಸ್ವಂತ ಮಾದರಿಯಾದ ಮೆಮರಿ ಸ್ಟಿಕ್ ಡ್ಯುಯೊ ಹಾಗೂ ಪ್ರೊ ಡ್ಯುಯೊ ಕಾರ್ಡುಗಳೇ ಬೇಕಾಗಿದ್ದವು. 2011ರ ಡಿಸೆಂಬರಿನಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಪಿಎಸ್ ವೀಟಾ ಕನ್ಸೋಲಿಗೆ ಸೋನಿಯು ಮತ್ತೊಂದು ಹೊಸ ಮಾದರಿಯನ್ನು ಗೊತ್ತುಪಡಿಸಿತು. ಆ ಕಾರ್ಡು ಬೇರೆ ಯಾವ ಸಾಧನದಲ್ಲಿಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. 2012ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ವೀಟಾ ಕನ್ಸೋಲಿನ ಬೆಲೆ 249.99 ಡಾಲರ್. ಕಾರ್ಡುಗಳ ಬೆಲೆ ಹೀಗಿತ್ತು: 4 ಜಿಬಿಗೆ 19.99, 8 ಜಿಬಿಗೆ 29.99, 16 ಜಿಬಿಗೆ 59.99, 32 ಜಿಬಿಗೆ 99.99 ಡಾಲರ್. ಅಂದರೆ 32 ಜಿಬಿ ಕಾರ್ಡೊಂದಕ್ಕೆ ಕನ್ಸೋಲಿನ ಬೆಲೆಯ ಶೇ. 40ರಷ್ಟನ್ನು ಪುನಃ ತೆರಬೇಕಾಗಿತ್ತು. ಅದೇ ಸಾಮರ್ಥ್ಯದ ಸಾಮಾನ್ಯ ಎಸ್‌ಡಿ ಕಾರ್ಡುಗಳು ಆ ಕಾಲದಲ್ಲಿ ಬಹಳ ಕಡಿಮೆ ಬೆಲೆಗೆ ದೊರೆಯುತ್ತಿದ್ದವು. ಹೆಚ್ಚಿನ ಹಣವು ಸಂದದ್ದು ಸಾಮರ್ಥ್ಯಕ್ಕಲ್ಲ, ಸ್ಲಾಟಿನ ಏಕಸ್ವಾಮ್ಯಕ್ಕೆ.

ಇದಕ್ಕೆ ವಿರುದ್ಧವಾದುದು ಸ್ವಿಚ್ ಕನ್ಸೋಲಿನ ನೀತಿ. ಅದು ಎಲ್ಲ ಕಂಪನಿಗಳೂ ತಯಾರಿಸುವ ಮೈಕ್ರೋ ಎಸ್‌ಡಿ ಕಾರ್ಡನ್ನು 2 ಟಿಬಿಯವರೆಗೆ ಸ್ವೀಕರಿಸುತ್ತದೆ. ತಯಾರಕರ ನಡುವೆ ಪೈಪೋಟಿಯಿರುವುದರಿಂದ ಗ್ರಾಹಕನಿಗೆ ಅನುಕೂಲ. ಆದರೆ 2025ರ ಜೂನ್ 5ರಂದು ಬಂದ ಸ್ವಿಚ್ 2 ಕನ್ಸೋಲಿನಲ್ಲಿ ಈ ಸ್ಥಿತಿ ಬದಲಾಯಿತು. ಅದರ ಒಳಸಂಗ್ರಹ 256 ಜಿಬಿಗೆ ಏರಿತಾದರೂ, ಆಟಗಳನ್ನು ಶೇಖರಿಸಲು ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೆಚ್ಚು ವೇಗದ ಕಾರ್ಡೇ ಬೇಕು. ಹಳೆಯ ಮೈಕ್ರೋ ಎಸ್‌ಡಿ ಕಾರ್ಡನ್ನು ಅದರೊಳಗೆ ಸೇರಿಸಬಹುದು. ಆದರೆ ಅದರಲ್ಲಿರುವ ಚಿತ್ರಗಳನ್ನೂ ವಿಡಿಯೊಗಳನ್ನೂ ವರ್ಗಾಯಿಸಿಕೊಳ್ಳುವುದಕ್ಕಷ್ಟೇ ಅದು ನೆರವಾಗುತ್ತದೆ. ಆಕಾರ ಒಂದೇ ಆಗಿದ್ದು ಉಪಯೋಗ ಬೇರೆಯಾಗಿರುವ ಇಂಥ ಸರಕಿನಲ್ಲಿಯೇ ಅಂಗಡಿಯವನೂ ಗ್ರಾಹಕನೂ ಎಡವುವುದು. ಎಕ್ಸ್‌ಪ್ರೆಸ್ ಕಾರ್ಡಿನ ಮೇಲೆ ಇಎಕ್ಸ್ ಎಂಬ ಗುರುತಿರುತ್ತದೆ. ಇದನ್ನು ನೋಡದೆ ಸ್ವಿಚ್ 2ಕ್ಕೆಂದು ಸರಕು ತರಿಸಬಾರದು.

ಹಳೆಯ ಯಂತ್ರಗಳಲ್ಲಿ ಗರಿಷ್ಠ ಸಾಮರ್ಥ್ಯದ ಮಿತಿಯೂ ಉಂಟು. ಎಸ್‌ಡಿ ಕುಟುಂಬದಲ್ಲಿ 2 ಜಿಬಿವರೆಗಿನದು ಎಸ್‌ಡಿ, ಅಲ್ಲಿಂದ 32 ಜಿಬಿವರೆಗಿನದು ಎಸ್‌ಡಿಎಚ್‌ಸಿ, ಅಲ್ಲಿಂದ 2 ಟಿಬಿವರೆಗಿನದು ಎಸ್‌ಡಿಎಕ್ಸ್‌ಸಿ. ನಿಂಟೆಂಡೊದ 3ಡಿಎಸ್ ಕನ್ಸೋಲಿಗೆ ತಯಾರಕರು ಒಪ್ಪಿರುವ ಮಿತಿ 32 ಜಿಬಿ. ಅದಕ್ಕೆ 128 ಜಿಬಿ ಕಾರ್ಡು ಮಾರಿದರೆ ಗ್ರಾಹಕನು ಹಿಂದಿರುಗಿ ಬರುವುದು ಖಚಿತ. ಪಿಎಸ್‌ಪಿ ತಯಾರಿಕೆ 2014ರಲ್ಲಿಯೂ ವೀಟಾ ತಯಾರಿಕೆ 2019ರಲ್ಲಿಯೂ ನಿಂತುಹೋಗಿವೆ. ಆದ್ದರಿಂದ ಅವುಗಳ ಕಾರ್ಡು ಹೊಸದೆಂದು ಹೇರಳವಾಗಿ ಯಾರಾದರೂ ಒದಗಿಸಲು ಮುಂದೆ ಬಂದರೆ, ಆ ಸರಕು ಎಲ್ಲಿಂದ ಬಂತೆಂದು ವಿಚಾರಿಸುವುದು ಅವಶ್ಯಕ.

2. ಜಿಬಿಯ ಲೆಕ್ಕ

128 ಜಿಬಿ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸಿದಾಗ ಅದು 119 ಎಂದು ತೋರಿಸುವುದನ್ನು ಕಂಡು ಅನೇಕ ಗ್ರಾಹಕರು ಜಗಳಕ್ಕೆ ಬರುತ್ತಾರೆ. ಇಲ್ಲಿ ಮೋಸವಿಲ್ಲ. ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟುಗಳೆಂದು ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ ಬಳಸುವ ಕಂಪ್ಯೂಟರು 107,37,41,824 ಬೈಟುಗಳನ್ನು 1 ಜಿಬಿ ಎಂದು ಎಣಿಸುತ್ತದೆ. ಹೀಗಾಗಿ 32 ಜಿಬಿ ಕಾರ್ಡು 29.8 ಎಂದೂ, 256 ಜಿಬಿ ಕಾರ್ಡು 238 ಎಂದೂ, 512 ಜಿಬಿ ಕಾರ್ಡು ಸುಮಾರು 477 ಎಂದೂ ಕಾಣುತ್ತದೆ. ಜಿಬಿ ಲೆಕ್ಕದಲ್ಲಿ ಸುಮಾರು ಶೇ. 7ರಷ್ಟು, ಟಿಬಿ ಲೆಕ್ಕದಲ್ಲಿ ಸುಮಾರು ಶೇ. 9ರಷ್ಟು ಕಡಿಮೆ ಕಾಣುವುದು ಸಹಜ. ಈ ಅಂಕಿಗಳ ಒಂದು ಪಟ್ಟಿಯನ್ನು ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿಟ್ಟರೆ ಅನಾವಶ್ಯಕ ವಾಗ್ವಾದ ತಪ್ಪುತ್ತದೆ.

3. ವೇಗದ ಗುರುತುಗಳು

ಕಾರ್ಡಿನ ಮೇಲೆ ಸಾಮರ್ಥ್ಯದ ಜೊತೆಗೆ ವೇಗವನ್ನು ಸೂಚಿಸುವ ಗುರುತುಗಳೂ ಇರುತ್ತವೆ. ವೃತ್ತದೊಳಗಿನ 10 ಎಂಬ ಅಂಕಿಯೂ, ಯು ಅಕ್ಷರದೊಳಗಿನ 1 ಎಂಬ ಅಂಕಿಯೂ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುವ ವೇಗವನ್ನು ಸೂಚಿಸುತ್ತವೆ. ಯು ಅಕ್ಷರದೊಳಗೆ 3 ಇದ್ದರೆ ಅಥವಾ ವಿ30 ಎಂದಿದ್ದರೆ ಅದು 30 ಎಂಬಿ. ಇವು ಪ್ರಮುಖವಾಗಿ ವಿಡಿಯೊ ಚಿತ್ರೀಕರಣಕ್ಕಾಗಿ ಗೊತ್ತುಪಡಿಸಿದ ಮಾನದಂಡಗಳು. ಆಟ ಆಡುವಾಗ ಯಂತ್ರವು ಕಾರ್ಡಿನಿಂದ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಮೊದಲ ಸ್ವಿಚ್ ಕನ್ಸೋಲಿಗೆ ಯುಎಚ್‌ಎಸ್-1 ಮಾದರಿಯ, ಸೆಕೆಂಡಿಗೆ 60ರಿಂದ 95 ಎಂಬಿ ಓದುವ ವೇಗದ ಕಾರ್ಡು ಸಾಕೆಂದು ನಿಂಟೆಂಡೊ ತಿಳಿಸಿದೆ. ಯುಎಚ್‌ಎಸ್-1 ಮಾದರಿಯ ಗರಿಷ್ಠ ವೇಗವೇ ಸೆಕೆಂಡಿಗೆ 104 ಎಂಬಿ. ವೃತ್ತಿಪರ ಛಾಯಾಗ್ರಾಹಕರ ದುಬಾರಿ ಕಾರ್ಡನ್ನು ಇಂಥ ಕನ್ಸೋಲಿಗೆ ಕೊಂಡರೆ ಹೆಚ್ಚುವರಿ ಹಣಕ್ಕೆ ತಕ್ಕ ಫಲ ದೊರೆಯದು.

4. ಸುಳ್ಳು ಸಾಮರ್ಥ್ಯ ಹೇಗೆ ಉಂಟಾಗುತ್ತದೆ?

ಮೆಮರಿ ಕಾರ್ಡಿನಲ್ಲಿ ಎರಡು ಭಾಗಗಳಿವೆ. ಮಾಹಿತಿಯನ್ನು ಹಿಡಿದಿಡುವ ಫ್ಲ್ಯಾಶ್ ಚಿಪ್ಪು ಒಂದು. ಅದರ ಲೆಕ್ಕ ನೋಡಿಕೊಳ್ಳುವ ನಿಯಂತ್ರಕ ಚಿಪ್ಪು ಮತ್ತೊಂದು. ಮೊದಲನೆಯದನ್ನು ಗೋದಾಮೆಂದೂ ಎರಡನೆಯದನ್ನು ಗೋದಾಮಿನ ಗುಮಾಸ್ತನೆಂದೂ ತಿಳಿಯಬಹುದು. ಕನ್ಸೋಲಾಗಲೀ ಕಂಪ್ಯೂಟರಾಗಲೀ ಗೋದಾಮಿನೊಳಗೆ ಹೋಗಿ ನೋಡುವುದಿಲ್ಲ; ಎಷ್ಟು ಸ್ಥಳವಿದೆ ಎಂದು ಗುಮಾಸ್ತನನ್ನು ಕೇಳುತ್ತವೆ, ಆತ ಹೇಳಿದ್ದನ್ನು ನಂಬುತ್ತವೆ. ನಕಲಿ ತಯಾರಕನು 8 ಅಥವಾ 16 ಜಿಬಿ ಚಿಪ್ಪನ್ನು ಇಟ್ಟು, ನಿಯಂತ್ರಕದ ತಂತ್ರಾಂಶವನ್ನು ತಿದ್ದಿ, 256 ಜಿಬಿ ಎಂದು ಹೇಳಿಸುತ್ತಾನೆ. ಪ್ರಸಿದ್ಧ ಕಂಪನಿಯ ಹೆಸರನ್ನು ಮೇಲೆ ಮುದ್ರಿಸುತ್ತಾನೆ.

ಇಂಥ ಕಾರ್ಡು ಮೊದಲ ದಿನ ಯಾವ ದೋಷವನ್ನೂ ತೋರಿಸುವುದಿಲ್ಲ. ಆಟವೊಂದು ಇಳಿಯುತ್ತದೆ, ನಡೆಯುತ್ತದೆ. ನಿಜವಾದ ಸಾಮರ್ಥ್ಯವು ತುಂಬಿದ ನಂತರ ಬರೆದದ್ದು ಹಳೆಯ ಮಾಹಿತಿಯ ಮೇಲೆಯೇ ಬೀಳುತ್ತದೆ, ಇಲ್ಲವೇ ಎಲ್ಲಿಯೂ ದಾಖಲಾಗದೆ ಹೋಗುತ್ತದೆ. ಕಡತಗಳ ಹೆಸರುಗಳು ಪಟ್ಟಿಯಲ್ಲಿ ಕಾಣುತ್ತಲೇ ಇರುತ್ತವೆ. ತೆರೆದರೆ ಒಳಗೆ ಏನೂ ಇರುವುದಿಲ್ಲ. ಗ್ರಾಹಕನಿಗೆ ಇದು ತಿಳಿಯುವ ಹೊತ್ತಿಗೆ ವಾರಗಳೋ ತಿಂಗಳುಗಳೋ ಕಳೆದಿರುತ್ತವೆ.

ಆಗ ಆಗುವ ಹಾನಿ ಕನ್ಸೋಲಿನಿಂದ ಕನ್ಸೋಲಿಗೆ ಬೇರೆ. ಸ್ವಿಚ್ ಕನ್ಸೋಲಿನಲ್ಲಿ ಆಟದ ಪ್ರಗತಿಯ ದಾಖಲೆಯು ಯಂತ್ರದ ಒಳಸಂಗ್ರಹದಲ್ಲಿ ಉಳಿಯುವುದರಿಂದ, ಕೊಂಡ ಆಟವನ್ನು ಮತ್ತೆ ಇಳಿಸಿಕೊಂಡು ಮುಂದುವರಿಯಬಹುದು. ಪಿಎಸ್‌ಪಿಯಲ್ಲಿ ಆ ದಾಖಲೆಯು ಕಾರ್ಡಿನಲ್ಲಿಯೇ ಇರುತ್ತದೆ. ಕಾರ್ಡು ಕೆಟ್ಟರೆ ತಿಂಗಳುಗಟ್ಟಲೆ ಆಡಿ ಮುಟ್ಟಿದ ಹಂತವೂ ಹೋಯಿತು. ಹುಡುಗನೊಬ್ಬನ ಕಣ್ಣೀರು ಬೀಜಕದ ಮೊತ್ತದಲ್ಲಿ ಸೇರುವುದಿಲ್ಲ. ಆದರೆ ಆ ಕುಟುಂಬವು ಮುಂದೆ ಅದೇ ಅಂಗಡಿಯ ಮೆಟ್ಟಿಲು ಹತ್ತುವುದೇ ಎಂಬುದನ್ನು ಅದು ನಿರ್ಧರಿಸುತ್ತದೆ.

5. ಪರೀಕ್ಷೆಯ ವಿಧಾನ

ತಕ್ಕಡಿಯಿಲ್ಲದ ಸರಕಿಗೂ ಒಂದು ತಕ್ಕಡಿಯಿದೆ. ಕಾರ್ಡನ್ನು ತುದಿಯವರೆಗೂ ಮಾಹಿತಿಯಿಂದ ತುಂಬಿಸಿ, ನಂತರ ಎಲ್ಲವನ್ನೂ ಓದಿ ತಾಳೆ ನೋಡುವುದೇ ಆ ವಿಧಾನ. ಈ ಕೆಲಸಕ್ಕೆ ವಿಂಡೋಸ್ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಎಷ್ಟು ಜಿಬಿ ಸರಿಯಾಗಿ ಮರಳಿ ಬಂತು, ಎಷ್ಟು ಕಳೆದುಹೋಯಿತು ಎಂಬುದನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಫಾರ್ಮ್ಯಾಟ್ ಮಾಡಿ ನೋಡುವುದರಿಂದಾಗಲೀ, ಕಂಪ್ಯೂಟರು ತೋರಿಸುವ ಒಟ್ಟು ಸಾಮರ್ಥ್ಯವನ್ನು ಓದುವುದರಿಂದಾಗಲೀ ಏನೂ ಸಿದ್ಧವಾಗದು. ಅದು ಗುಮಾಸ್ತನ ಮಾತನ್ನೇ ಪುನಃ ಕೇಳಿದಂತೆ.

ಇದಕ್ಕೆ ಕಾಲಾವಕಾಶ ಬೇಕು. 256 ಜಿಬಿ ಕಾರ್ಡಿಗೆ ಸೆಕೆಂಡಿಗೆ 20 ಎಂಬಿ ವೇಗದಲ್ಲಿ ಬರೆಯಲು 12,800 ಸೆಕೆಂಡು, ಅಂದರೆ ಸುಮಾರು ಮೂರೂವರೆ ಗಂಟೆ. 80 ಎಂಬಿ ವೇಗದಲ್ಲಿ ಓದಲು 3,200 ಸೆಕೆಂಡು, ಅಂದರೆ ಸುಮಾರು 53 ನಿಮಿಷ. ಅಂಗಡಿ ಮುಚ್ಚುವಾಗ ಪರೀಕ್ಷೆಗೆ ಹಚ್ಚಿ, ಬೆಳಗ್ಗೆ ಫಲಿತಾಂಶ ನೋಡುವುದು ಸುಲಭ ಮಾರ್ಗ. ಸಗಟು ಖರೀದಿಯಲ್ಲಿ ಪ್ರತಿ ಪೊಟ್ಟಣವನ್ನೂ ಬಿಚ್ಚುವುದು ಸಾಧ್ಯವಿಲ್ಲ. ಆದ್ದರಿಂದ ಪ್ರತಿ ಸರಬರಾಜಿನಿಂದಲೂ ಮಾರುವವನು ಆರಿಸಿಕೊಟ್ಟದ್ದನ್ನು ಬಿಟ್ಟು, ತಾವೇ ಆರಿಸಿದ ಎರಡು ಮೂರು ಪೊಟ್ಟಣಗಳನ್ನು ಬಿಚ್ಚಿ ಪರೀಕ್ಷಿಸಬೇಕು. ಬಿಚ್ಚಿದ ಕಾರ್ಡುಗಳನ್ನು ಹಾಗೆಂದೇ ತಿಳಿಸಿ ಸ್ವಲ್ಪ ರಿಯಾಯಿತಿಯಲ್ಲಿ ಮಾರಬಹುದು. ಈ ರಿಯಾಯಿತಿಯನ್ನು ವಿಮೆಯ ಕಂತೆಂದು ತಿಳಿಯತಕ್ಕದ್ದು.

6. ಕಾನೂನು ಏನು ಹೇಳುತ್ತದೆ?

ಮೊದಲನೆಯದಾಗಿ, ಮರುಮಾರಾಟಕ್ಕೆ ಕೊಳ್ಳುವ ವರ್ತಕನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅರ್ಥದಲ್ಲಿ ಗ್ರಾಹಕನಲ್ಲ. ಆತನ ಪರಿಹಾರವಿರುವುದು 1930ರ ಸರಕು ಮಾರಾಟ ಅಧಿನಿಯಮದಲ್ಲಿ. ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಬೇಕೆಂದು 15ನೇ ಕಲಮು ಹೇಳುತ್ತದೆ. ಆದರೆ 42ನೇ ಕಲಮಿನ ಪ್ರಕಾರ, ಯುಕ್ತ ಕಾಲ ಕಳೆದರೂ ತಿರಸ್ಕರಿಸುವ ಮಾತನ್ನು ತಿಳಿಸದೆ ಸರಕನ್ನು ಇಟ್ಟುಕೊಂಡವನು ಅದನ್ನು ಒಪ್ಪಿಕೊಂಡಂತೆಯೇ. ಒಪ್ಪಿಕೊಂಡ ನಂತರ ಸಾಮಾನ್ಯವಾಗಿ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ಹಿಂದಿರುಗಿಸುವ ಹಕ್ಕು ಉಳಿಯುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಸರಕು ಬಂದ ವಾರದಲ್ಲಿಯೇ ನಡೆಸಿ, ದೋಷ ಕಂಡರೆ ಕೂಡಲೇ ಲಿಖಿತವಾಗಿ ತಿಳಿಸಬೇಕು.

ಎರಡನೆಯದಾಗಿ, ಅದೇ ಕಾರ್ಡನ್ನು ಕೊಂಡು ಮನೆಗೆ ಒಯ್ದವನು ಗ್ರಾಹಕ. ದೋಷಯುಕ್ತ ಸರಕನ್ನು ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು 2019ರ ಅಧಿನಿಯಮದಂತೆ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ವರ್ಗಕ್ಕೆ ಸೇರಿದೆ. "ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂಬ ಮುದ್ರಿತ ವಾಕ್ಯವು ದೋಷಯುಕ್ತ ಸರಕಿನ ವಿಷಯದಲ್ಲಿ ಅಂಗಡಿಯವನನ್ನು ರಕ್ಷಿಸದು.

ಮೂರನೆಯದಾಗಿ, ಪ್ರಸಿದ್ಧ ಕಂಪನಿಯ ಹೆಸರನ್ನು ಸುಳ್ಳಾಗಿ ಹೊತ್ತ ಕಾರ್ಡನ್ನು ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 104ನೇ ಕಲಮಿನಂತೆ ಅಪರಾಧ. ಇದಕ್ಕೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ಗೊತ್ತುಪಡಿಸಲಾಗಿದೆ. ಆದರೆ ಯುಕ್ತವಾದ ಎಲ್ಲ ಎಚ್ಚರಿಕೆಗಳನ್ನೂ ವಹಿಸಿದ್ದನೆಂದೂ, ಸಂಶಯಕ್ಕೆ ಕಾರಣವಿರಲಿಲ್ಲವೆಂದೂ, ಸರಕು ಯಾರಿಂದ ಬಂತೆಂಬ ಮಾಹಿತಿಯನ್ನು ಕೇಳಿದಾಗ ಕೊಟ್ಟನೆಂದೂ ಸಾಬೀತುಪಡಿಸಿದವನಿಗೆ ರಕ್ಷಣೆಯುಂಟು. ಬಿಲ್ಲಿಲ್ಲದೆ ಕೊಂಡವನು ಈ ರಕ್ಷಣೆಯನ್ನು ಹೇಗೆ ಕೇಳಬಲ್ಲನು? ಪೇಟೆಯ ದರಕ್ಕಿಂತ ಅರ್ಧ ಬೆಲೆಗೆ ಕೊಂಡವನು ಸಂಶಯಕ್ಕೆ ಕಾರಣವಿರಲಿಲ್ಲವೆಂದು ಹೇಗೆ ಹೇಳಬಲ್ಲನು?

ಬೆಂಗಳೂರಿನ ಎಸ್.ಪಿ. ರಸ್ತೆಯ ಸಗಟು ಮಳಿಗೆಯಿಂದ ತಂದದ್ದಾಗಲಿ, ಅಂತರ್ಜಾಲದ ಮೂಲಕ ತರಿಸಿದ್ದಾಗಲಿ, ಆಮದಾದ ಕಾರ್ಡಿನ ಪೊಟ್ಟಣದ ಮೇಲೆ 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಆಮದುದಾರನ ಹೆಸರು ಮತ್ತು ವಿಳಾಸ, ಮೂಲ ದೇಶ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಸಲ್ಲಿಸಬೇಕಾದ ವಿಳಾಸ ಇರತಕ್ಕದ್ದು. ಈ ವಿವರಗಳಿಲ್ಲದ ಪೊಟ್ಟಣವನ್ನು ಕೊಳ್ಳುವಾಗಲೇ ಹಿಂದಿರುಗಿಸುವುದು ಕ್ಷೇಮ.

7. ಲೆಕ್ಕಪತ್ರದ ದೃಷ್ಟಿಯಿಂದ

ಒಂದು ಉದಾಹರಣೆಯಿಂದ ನಷ್ಟದ ಸ್ವರೂಪವನ್ನು ತಿಳಿಯೋಣ. ವರ್ತಕನೊಬ್ಬನು ತಲಾ ರೂ. 1,000ದಂತೆ 100 ಕಾರ್ಡುಗಳನ್ನು ಕೊಂಡನೆನ್ನಿ. ಶೇ. 18ರ ಜಿಎಸ್‌ಟಿ ಸೇರಿ ಪಾವತಿ ರೂ. 1,18,000. ತೆರಿಗೆಯನ್ನು ಬಿಟ್ಟು ಪ್ರತಿ ಕಾರ್ಡಿನ ಲಾಭ ರೂ. 100 ಎಂದಿಟ್ಟುಕೊಳ್ಳೋಣ. ಎಲ್ಲವೂ ಅಸಲಿಯಾಗಿದ್ದರೆ ಒಟ್ಟು ಲಾಭ ರೂ. 10,000.

ಅವುಗಳಲ್ಲಿ ಕೆಲವು ನಕಲಿಯೆಂದು ತಿಳಿದಾಗ ಸರಬರಾಜುದಾರನು ಕೈ ಚೆಲ್ಲಿದರೆ, ಅವುಗಳನ್ನು ಮಾರುವಂತಿಲ್ಲ. ದಾಸ್ತಾನಿನಿಂದ ತೆಗೆದುಹಾಕಿ ನಾಶಪಡಿಸಬೇಕು. ಹಾಗೆ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು 2017ರ ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೇ ಕಲಮಿನಂತೆ ಹಿಂದಿರುಗಿಸಬೇಕು. ಆದ್ದರಿಂದ ಪ್ರತಿ ನಕಲಿ ಕಾರ್ಡಿನ ನಷ್ಟ ರೂ. 1,000 ಅಲ್ಲ, ರೂ. 1,180. ನೂರರಲ್ಲಿ 7 ನಕಲಿಯಾದರೆ ಉಳಿದ 93ರ ಲಾಭ ರೂ. 9,300ರಲ್ಲಿ ರೂ. 8,260 ಕಳೆದು ಅಲ್ಪಸ್ವಲ್ಪ ಉಳಿಯುತ್ತದೆ. 8 ನಕಲಿಯಾದರೆ ಲಾಭ ರೂ. 9,200, ನಷ್ಟ ರೂ. 9,440. ಅಂದರೆ ನೂರರಲ್ಲಿ ಎಂಟು ಕಾರ್ಡುಗಳು ಇಡೀ ವಹಿವಾಟಿನ ಲಾಭವನ್ನು ನುಂಗಿಹಾಕುತ್ತವೆ. ತಲಾ ರೂ. 50 ಅಗ್ಗವಾಗಿ ದೊರೆಯಿತೆಂದು ಅಪರಿಚಿತರಿಂದ ಕೊಳ್ಳುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಗಮನದಲ್ಲಿಡಬೇಕಾದ ಇನ್ನೂ ಮೂರು ಅಂಶಗಳಿವೆ. ಅಂಗಡಿಯ ಹೆಸರಿನಲ್ಲಿ ಕೊಂಡ ಕಾರ್ಡನ್ನು ಮನೆಯ ಮಕ್ಕಳ ಕನ್ಸೋಲಿಗೆ ಬಳಸಿದರೆ, ಅದು ಸ್ವಂತ ಉಪಯೋಗವಾದ್ದರಿಂದ ಹೂಡುವಳಿ ತೆರಿಗೆ ಜಮೆ ಸಲ್ಲದು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದಾಗಿ ಪಾವತಿಸಿದ ಖರೀದಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ; ಪಾವತಿಯು ಬ್ಯಾಂಕಿನ ಮೂಲಕವಾದರೆ ವಿವಾದದ ಕಾಲದಲ್ಲಿ ಅದೇ ಸಾಕ್ಷ್ಯವೂ ಆಗುತ್ತದೆ. ವರ್ಷಾಂತ್ಯದ ದಾಸ್ತಾನನ್ನು ಕೊಂಡ ಬೆಲೆ ಮತ್ತು ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮೌಲ್ಯಮಾಪನ ಮಾಡಬೇಕು. ಹೊಸ ಕನ್ಸೋಲು ಬಂದು ಹಳೆಯ ಮಾದರಿಯ ಕಾರ್ಡಿನ ಬೇಡಿಕೆ ತಗ್ಗುವ ಈ ವ್ಯಾಪಾರದಲ್ಲಿ ಈ ನಿಯಮ ವಿಶೇಷವಾಗಿ ಅನ್ವಯಿಸುತ್ತದೆ. ಹಾಗೆಂದು ಬೆಲೆ ಸದಾ ಇಳಿಯುತ್ತಲೇ ಹೋಗುವುದೆಂದೂ ನಂಬಬಾರದು. 2025ರ ಕೊನೆಯ ತಿಂಗಳುಗಳಲ್ಲಿ ಫ್ಲ್ಯಾಶ್ ಚಿಪ್ಪುಗಳ ಬೆಲೆ ಏರಿದ್ದನ್ನು ಈ ಕ್ಷೇತ್ರದ ವರ್ತಕರು ಕಂಡಿದ್ದಾರೆ. ಮಾರಾಟವಾಗುವಷ್ಟನ್ನೇ ತರಿಸುವುದು ವಿವೇಕ.

ಸಾರಾಂಶ

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಕನ್ಸೋಲಿನ ಸ್ಲಾಟು ಯಾವ ಮಾದರಿಯನ್ನು, ಎಷ್ಟು ಸಾಮರ್ಥ್ಯದವರೆಗೆ ಸ್ವೀಕರಿಸುತ್ತದೆ? ಬೇಕಾದ ವೇಗ ಎಷ್ಟು? ಪೊಟ್ಟಣದ ಮೇಲೆ ಆಮದುದಾರನ ವಿವರವೂ ಕೈಯಲ್ಲಿ ತೆರಿಗೆ ಬೀಜಕವೂ ಇವೆಯೇ? ತುದಿಯವರೆಗೂ ತುಂಬಿಸಿ ಪರೀಕ್ಷಿಸಲಾಗಿದೆಯೇ? ಮೊದಲ ಎರಡು ಪ್ರಶ್ನೆಗಳು ಗ್ರಾಹಕನ ಹಣವನ್ನು ಉಳಿಸುತ್ತವೆ, ಕೊನೆಯ ಎರಡು ವರ್ತಕನ ಬಂಡವಾಳವನ್ನೂ ಹೆಸರನ್ನೂ ಉಳಿಸುತ್ತವೆ. ತಕ್ಕಡಿಯಲ್ಲಿ ತೂಗಲಾಗದ ಸರಕನ್ನು ಮಾರುವವನ ಮಾತಿನ ಮೇಲೆಯೇ ಗ್ರಾಹಕನು ಕೊಳ್ಳುತ್ತಾನೆ. ಆ ಮಾತಿಗೆ ಒಂದು ರಾತ್ರಿಯ ಪರೀಕ್ಷೆ ಮತ್ತು ಒಂದು ಹಾಳೆ ಬೀಜಕದ ಬೆಂಬಲ ಇರಲೇಬೇಕು.